ಲೋಡರ್ ಟ್ರ್ಯಾಕ್ಟರಿನ ಸೊಗಸು

ಉತ್ತರ ಪಿನಾಕಿನಿ ದಂಡೆಯ ವಿದುರಾಶ್ವತ್ಥದ ಸುತ್ತ ರಾಗಿ, ಮುಸುಕಿನ ಜೋಳದ ಹೊಲಗಳಿಗೆ ಬಿತ್ತನೆಗೆ ಮುಂಚೆ ತಿಪ್ಪೆಗೊಬ್ಬರ ಸೇರಬೇಕು. ಮಂಕರಿ ಹೊತ್ತು ನಡು ಬೀಳಿಸಿಕೊಳ್ಳುವ ಆ ಕೆಲಸವನ್ನು ಮುಂದೆ ಲೋಡರ್ ಕೂಡಿಸಿದ ಟ್ರ್ಯಾಕ್ಟರ್ ಹಗುರ ಮಾಡುತ್ತದೆ. ಲಿವರ್ ಎಳೆದರೆ ಪಂಪಿನ ಎಣ್ಣೆ ಸಿಲಿಂಡರಿಗೆ ನುಗ್ಗಿ ಬಕೆಟ್ ಮೇಲೇಳುತ್ತದೆ.

ನುರಿತ ಡ್ರೈವರ್ ತುಂಬಿದ ಬಕೆಟನ್ನು ನೆಲದ ಹತ್ತಿರವೇ ಇಟ್ಟು ಸಾಗುತ್ತಾನೆ. ಎತ್ತಿ ಓಡಿಸಿದರೆ ಇಳಿಜಾರಿನಲ್ಲಿ ಗಾಡಿ ಮಗುಚೀತು. ಹಿಂದೆ ಭಾರ ಕಟ್ಟುತ್ತಾನೆ. ಇಲ್ಲದಿದ್ದರೆ ಹಿಂಚಕ್ರದ ಹಿಡಿತ ತಪ್ಪುತ್ತದೆ, ಮುಂದಿನ ಆಕ್ಸಲ್ ನರಳುತ್ತದೆ.

ಇದರ ಆರೈಕೆ ನೋಡುವುದೂ ಚೆನ್ನ. ನಿಪ್ಪಲಿಗೆ ಗ್ರೀಸ್ ಗನ್ ಒತ್ತಿದರೆ ಮಣ್ಣು ಮೆತ್ತಿದ ಕಪ್ಪು ಗ್ರೀಸ್ ಪಿನ್ನಿನ ಅಂಚಿನಿಂದ ಉಕ್ಕಿ, ಹಿಂದೆಯೇ ಹೊಸತು ಇಣುಕುತ್ತದೆ. ಹೋಸಿನ ಸೋರಿಕೆ ಹುಡುಕಲು ರಟ್ಟು ಹಿಡಿಯಬೇಕು, ಕೈಯಲ್ಲ. ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಬಕೆಟ್ ನೆಲಕ್ಕಿಳಿಸಿಯೇ ಎಂಜಿನ್ ಆರಿಸುವವನಿಗೆ ಈ ಯಂತ್ರ ವರ್ಷಗಟ್ಟಲೆ ದುಡಿಯುತ್ತದೆ.