ದಕ್ಕೆಯಿಂದ ಶುರುವಾಗುವ ಪಟ್ಟಿ

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಕೊಡುವ ಮೀನು ಸಿಗಬಹುದಾದ ವಲಯಗಳ ಮುನ್ಸೂಚನೆ ನೋಡಿದಾಗಲೆಲ್ಲ ನಾನು ತಲೆದೂಗುವುದು ಅದರ ಜೋಡಣೆಗೆ. ಹಿಂದಿರುವುದು ಉಪಗ್ರಹ ಅಳೆದ ಕಡಲ ಮೇಲ್ಮೈ ಉಷ್ಣಾಂಶ, ಕ್ಲೋರೋಫಿಲ್ಲಿನ ಲೆಕ್ಕ. ಆದರೆ ಪಟ್ಟಿ ಶುರುವಾಗುವುದು ಊರಿನ ಹೆಸರಿನಿಂದ. ಭಟ್ಕಳ, ಹೊನ್ನಾವರ, ಕುಮಟಾ ತೀರದವರು ತಮಗೆ ಹತ್ತಿರದ ದಕ್ಕೆಯ ಸಾಲು ಹುಡುಕಿಕೊಂಡರೆ ಸಾಕು.

ಆಮೇಲಿನ ಕ್ರಮ ನೋಡಿ: ದಿಕ್ಕು, ಆ ದಿಕ್ಕಿನ ಡಿಗ್ರಿ, ಕಿಲೋಮೀಟರಿನಲ್ಲಿ ದೂರ, ಮೀಟರಿನಲ್ಲಿ ಆಳ, ಕೊನೆಗೆ ಅಕ್ಷಾಂಶ, ರೇಖಾಂಶ. ದೋಣಿ ಯಾವ ಕಡೆ ತಿರುಗಿಸಲಿ, ಡೀಸೆಲ್ ಎಷ್ಟು ಬೇಕು, ಬಲೆ ಯಾವುದು ಎಂದು ದೋಣಿ ನಡೆಸುವ ತಾಂಡೇಲನಿಗೆ ಪ್ರಶ್ನೆ ಏಳುವ ಸರದಿಯಲ್ಲೇ ಉತ್ತರ. ದೂರಕ್ಕೂ ಆಳಕ್ಕೂ ಒಂದೇ ಅಂಕಿ ಇಲ್ಲ. ಇಷ್ಟರಿಂದ ಇಷ್ಟರವರೆಗೆ ಎಂದಿರುತ್ತದೆ. ಮೀನೇನು ಗೂಟಕ್ಕೆ ಕಟ್ಟಿದ ದನವೇ? ಜಿಪಿಎಸ್ ಇದ್ದವರಿಗೆ ಕೊನೆಯ ಎರಡು ಕಾಲಮ್ಮು, ದಿಕ್ಸೂಚಿ ಹಿಡಿದವರಿಗೆ ಮೊದಲಿನವು.

ಇಂಥದೇ ಜೋಡಣೆ ಹುಡುಕುತ್ತ ಆ್ಯಪ್‌ಗಳ ಮೆನು ಮರುವಿನ್ಯಾಸ ಮಾಡುವವರು ಬಳಕೆದಾರರ ಕೈಗೆ ಮೆನುವಿನ ಒಂದೊಂದು ಬಾಬತ್ತು ಬರೆದ ಚೀಟಿಗಳನ್ನು ಕೊಟ್ಟು, ನಿಮಗೆ ತೋಚಿದಂತೆ ಗುಂಪು ಮಾಡಿ ಎನ್ನುತ್ತಾರೆ. ಕಚೇರಿಯ ವಿಭಾಗಗಳ ಪ್ರಕಾರವಲ್ಲ, ಬಳಸುವವರ ಯೋಚನೆ ಸಾಗುವ ದಾರಿಯ ಪ್ರಕಾರ ಮೆನು ಇರಲಿ ಎಂಬುದೇ ಆ ಶ್ರಮದ ಉದ್ದೇಶ. ಅಂಥ ಜಾಣತನಕ್ಕೆ ನಮ್ಮ ಕರಾವಳಿಯಲ್ಲೇ ಇಷ್ಟು ಒಳ್ಳೆಯ ಮಾದರಿ ಇದೆ.