ತೇಲುವ ಚರ್ಚು, ಕಾಣದ ಊರು

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಚಿತ್ರವನ್ನು ನೋಡದವರು ಈಗ ಕಡಿಮೆ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಅದರ ಗೋಡೆಗಳನ್ನು ನುಂಗುತ್ತದೆ. ಬೇಸಿಗೆಯಲ್ಲಿ ನೀರಿಳಿದರೆ ಒಳಗೇ ನಡೆದಾಡಬಹುದು. ಚಾವಣಿಯಿಲ್ಲದ ಕಮಾನುಗಳ ನಡುವೆ ಆಕಾಶ ಕಾಣುತ್ತದೆ. ಪ್ರವಾಸಿಗರು ಇದಕ್ಕೆ 'ತೇಲುವ ಚರ್ಚು' ಎನ್ನುತ್ತಾರೆ. ಚೆಂದದ ಹೆಸರು, ಆದರೆ ಮುಳುಗುವುದನ್ನು ತೇಲುವುದೆಂದು ಕರೆದರೆ ಮುಳುಗಿಸಿದ ಕಥೆಯನ್ನು ಯಾರೂ ಕೇಳುವುದಿಲ್ಲ.

19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಚರ್ಚು ಬರಿದಾದದ್ದು ಊರೇ ಎದ್ದುಹೋದ ಮೇಲೆ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಅಣೆಕಟ್ಟಿಗಾಗಿ ಸುತ್ತಲಿನ ಹಳ್ಳಿಗಳ ಜನ ಮನೆಮಠ ಬಿಟ್ಟರು. ಆ ನೀರು ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಹರಿದಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರವಾಸಿ ಬರಹಗಳಲ್ಲಿ ಗಾಥಿಕ್ ಶೈಲಿಗೆ ಸಿಗುವ ಜಾಗ ಊರು ಬಿಟ್ಟವರಿಗೆ ಸಿಕ್ಕಿಲ್ಲ. ಪಾಳನ್ನು ಮೆಚ್ಚುವ ಕಣ್ಣಿಗೆ ಅದು ಪಾಳಾದ ಕಾರಣ ಬೇಡವಾಗಿದೆ. ಮದುವೆಗೆ ಮುಂಚಿನ ಫೋಟೋಗೆ ಅದೊಂದು ಹಿನ್ನೆಲೆ, ಅಷ್ಟೆ.

ಒಂದು ಕಾಲಕ್ಕೆ ಜನ ಮಂಡಿಯೂರಿದ, ಮದುವೆಯಾದ, ಮಕ್ಕಳಿಗೆ ಹೆಸರಿಟ್ಟ ಜಾಗವದು. ಮಸೀದಿಯಾಗಲಿ, ಗುಡಿಯಾಗಲಿ, ಚರ್ಚಾಗಲಿ, ಜಮಾತು ಚದುರಿದ ಮೇಲೆ ಉಳಿಯುವುದು ಗೋಡೆ ಮಾತ್ರ.

ಹೋಗಬೇಡಿ ಎನ್ನುವವರಲ್ಲ ನಾವು. ಹೋಗಿ, ನೋಡಿ. ಗೋಡೆಯ ಮೇಲೆ ನಿಮ್ಮ ಹೆಸರು ಕೆತ್ತುವ ಬದಲು, ಇಲ್ಲಿ ಪ್ರಾರ್ಥಿಸುತ್ತಿದ್ದವರು ಈಗ ಎಲ್ಲಿದ್ದಾರೆಂದು ಅಲ್ಲಿಯವರನ್ನು ಕೇಳಿ. ಕೇಳದೆ ತೆಗೆದ ಚಿತ್ರದಲ್ಲಿ ನೀರಿರುತ್ತದೆ, ಗೋಡೆಯಿರುತ್ತದೆ, ಊರು ಇರುವುದಿಲ್ಲ.