ಬ್ಯಾಟಿನ ಹಿಡಿಗೆ ಹೊಸ ಅಂಗಿ

ಗಾಲ್ಫ್ ಕೋಲಿನ ಹಿಡಿ ಬದಲಿಸಬೇಕೆಂದರೆ ಎರಡೂ ಬದಿ ಅಂಟುವ ಟೇಪು, ದ್ರಾವಕ ಎಂದೆಲ್ಲ ಹೊಂದಿಸಿಕೊಳ್ಳಬೇಕು. ತುಮಕೂರು, ಗುಬ್ಬಿ, ಕುಣಿಗಲ್ ಬಯಲುಗಳಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಆ ರಗಳೆಯಿಲ್ಲ. ಬ್ಯಾಟಿನ ರಬ್ಬರ್ ಗ್ರಿಪ್ ತನ್ನ ಬಿಗಿತದಿಂದಲೇ ನಿಲ್ಲುತ್ತದೆ.

ಬೆವರು, ಧೂಳು, ಬಿಸಿಲಿಗೆ ರಬ್ಬರ್ ಗಡುಸಾಗಿ ಜಾರತೊಡಗುತ್ತದೆ. ಬರೀ ಕೊಳೆಯಾದರೆ ಒದ್ದೆ ಬಟ್ಟೆಗೆ ಚೂರು ಸೋಪು ಹಚ್ಚಿ ಉಜ್ಜಿದರೆ ಸಾಕು. ಹರಿದಿದ್ದರೆ ಬ್ಲೇಡಿನಿಂದ ಸೀಳಿ ತೆಗೆಯಬೇಕು, ಒಳಗಿನ ದಾರಕ್ಕೆ ತಗಲದಂತೆ. ನಿಜವಾದ ಕುಶಲತೆ ಕಾಣುವುದೇ ಆಗ: ಬೆತ್ತದ ಪಟ್ಟಿಗಳ ನಡುವೆ ರಬ್ಬರ್ ಇಟ್ಟು ಅಂಟಿಸಿ, ಮೇಲೆ ಒತ್ತೊತ್ತಾಗಿ ಬಿಗಿದ ದಾರ. ಚೆಂಡಿನ ಪೆಟ್ಟಿನ ಅದುರು ಅಂಗೈಗೆ ಅಷ್ಟಾಗಿ ತಾಕದಿರುವುದು ಇದರಿಂದಲೇ. ದಾರ ಬಿಚ್ಚಿಕೊಂಡಿದ್ದರೆ ಮೊದಲು ಅದನ್ನು ಸುತ್ತಿ, ಅಂಟು ಸವರಿ ಒಣಗಿಸಬೇಕು, ಅವಸರ ಸಲ್ಲದು.

ಅಂಗಡಿಯವರು ಮರದ ಕೋನ್ ಮೇಲೆ ಗ್ರಿಪ್ಪನ್ನು ಸುರುಳಿ ಮಾಡಿ, ಹಿಡಿಯ ತುದಿಗೆ ಇಟ್ಟು ಕೆಳಕ್ಕೆ ಉರುಳಿಸುತ್ತಾರೆ. ಮನೆಯಲ್ಲಿ ಒಂದು ನುಣುಪು ಪ್ಲಾಸ್ಟಿಕ್ ಕವರ್ ಇದ್ದರಾಯಿತು. ಹಿಡಿಗೆ ತೊಡಿಸಿ, ಅದರ ಮೇಲೆ ಗ್ರಿಪ್ ಜಾರಿಸಿ, ಕವರಿನ ತುದಿ ಕತ್ತರಿಸಿ ಎಳೆದುಬಿಡುವುದು. ಈ ಉಪಾಯ ಕಂಡುಹಿಡಿದವರಿಗೆ ಒಂದು ನಮಸ್ಕಾರ!

ಕೆಲವರು ಒಂದರ ಮೇಲೊಂದು ಎರಡು ಗ್ರಿಪ್ ಹಾಕುತ್ತಾರೆ. ದೊಡ್ಡ ಅಂಗೈಯವರಿಗೆ ಸರಿ. ಎಳೆಯ ಹುಡುಗರಿಗೆ ಅಷ್ಟು ದಪ್ಪದ ಹಿಡಿ ಬೇಡವೆಂದೇ ನನ್ನ ಮತ.